ಮೋರೆ ನೋಡಬೇಡಿ, ಬಾಗಿಲು ನೋಡಿ: ಹಳೆಯ ಫಿಲ್ಮ್ ತುಂಡುಗಳಲ್ಲಿ ಕಾರು ಹುಡುಕಲು ಕಟ್ಟಿದ ಪೆಟ್ಟಿಗೆ

ಕಳೆದ ಆಟಿ ತಿಂಗಳಲ್ಲಿ ಮಾಡಿನ ಒಂದು ಹೆಂಚು ಒಡೆದು ಅಟ್ಟಕ್ಕೆ ನೀರಿಳಿದಾಗ, ಅಲ್ಲಿದ್ದ ಸಾಮಾನುಗಳನ್ನೆಲ್ಲ ಕೆಳಗಿಳಿಸಬೇಕಾಯಿತು. ಆ ರಾಶಿಯಲ್ಲಿ ನನ್ನ ಬಾಲ್ಯದ ಬಿಸ್ಕತ್ತು ಡಬ್ಬಿಯೂ ಇತ್ತು. ಮುಚ್ಚಳ ತೆರೆದೊಡನೆ ಹುಳಿಹುಳಿಯಾದ ವಿನೇಗರ್ ವಾಸನೆ ಮೂಗಿಗೆ ಅಡರಿತು. ಒಳಗೆ ಇದ್ದವು 35 ಮಿಲಿಮೀಟರ್ ಸಿನಿಮಾ ಫಿಲ್ಮಿನ 131 ತುಂಡುಗಳು. ಕುಂಬಳೆ, ಬದಿಯಡ್ಕ ಕಡೆಯ ಹುಡುಗರು ಆಗ ಟಾಕೀಸಿನ ಹಿಂಬದಿಯಲ್ಲಿ ಕಾದು ನಿಲ್ಲುತ್ತಿದ್ದೆವು. ಹರಿದ ರೀಲನ್ನು ಆಪರೇಟರು ಕತ್ತರಿಸಿ ಅಂಟಿಸುವಾಗ ಉಳಿದ ಚೂರುಗಳನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಿದ್ದರು. ನಮ್ಮ ನಡುವೆ ಅವುಗಳ ವ್ಯಾಪಾರ ಗೇರುಬೀಜದಲ್ಲಿ ನಡೆಯುತ್ತಿತ್ತು: ನಾಯಕನ ಮುಖ ಇದ್ದ ತುಂಡಿಗೆ ಹತ್ತು ಬೀಜ, ಹೊಡೆದಾಟಕ್ಕೆ ಆರು, ಬರಿಯ ರಸ್ತೆ ಮತ್ತು ಕಾರು ಇದ್ದರೆ ಎರಡೇ. ಬೀಜ ಕಡಿಮೆ ಇದ್ದವನು ನಾನಾದ್ದರಿಂದ ನನ್ನ ಡಬ್ಬಿಯಲ್ಲಿ ಕಾರುಗಳು ಸೇರಿದವು.

ಆಗ ಅವನ್ನು ನೋಡುತ್ತಿದ್ದ ಕ್ರಮವನ್ನು ಈ ಕಡೆಯ ನನ್ನ ಪ್ರಾಯದವರೆಲ್ಲ ಬಲ್ಲರು. ಬಾಗಿಲು ಹಾಕಿ ಕತ್ತಲೆ ಮಾಡಿದ ಕೋಣೆಯಲ್ಲಿ, ಮಾಡಿನ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲಕೋಲನ್ನು ಕನ್ನಡಿಯಿಂದ ಅಡ್ಡಕ್ಕೆ ತಿರುಗಿಸಿ, ಅದರ ದಾರಿಗೆ ಫಿಲ್ಮನ್ನೂ ಅದರ ಮುಂದೆ ನೀರು ತುಂಬಿದ ಸುಟ್ಟ ಬಲ್ಬನ್ನೂ ಹಿಡಿದರೆ, ಗೋಡೆಗೆ ಕಟ್ಟಿದ ಅಜ್ಜನ ಬಿಳಿ ಮುಂಡಿನ ಮೇಲೆ ಚಿತ್ರ ಮೂಡುತ್ತಿತ್ತು. ಮುಂದೆ 31 ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನಿಗೆ ಆ ಬಲ್ಬು ಎಂಥ ಕೆಟ್ಟ ಮಸೂರ ಎಂಬುದು ಗೊತ್ತು. ಈ ಸಲ ಕಾರುಗಳ ಹೆಸರು ಹಿಡಿಯಲೇಬೇಕೆಂದು ಹೊರಟ ನನಗೆ ಅದಕ್ಕಿಂತ ಉತ್ತಮವಾದದ್ದು ಬೇಕಿತ್ತು. 131ರಲ್ಲಿ ಕಾರು ಅಥವಾ ಕಾರಿನ ಒಂದು ಭಾಗವಾದರೂ ಕಾಣುವ ತುಂಡುಗಳು 27. ಅತಿ ಉದ್ದದ್ದರಲ್ಲಿ 14 ಫ್ರೇಮು, ಅತಿ ಗಿಡ್ಡದ್ದರಲ್ಲಿ ಮೂರು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ, ನನ್ನ ಬಳಿ ಇರುವ ಅತಿ ದೀರ್ಘ ದೃಶ್ಯ ಅರ್ಧ ಸೆಕೆಂಡನ್ನು ತುಸು ಮೀರುತ್ತದೆ, ಅಷ್ಟೆ.

ಮೊದಲ ಕೆಲಸ ಡಬ್ಬಿಯಿಂದ ಬಿಡುಗಡೆ. ಅಸಿಟೇಟ್ ಫಿಲ್ಮು ಸೆಕೆಗೂ ತೇವಕ್ಕೂ ಒಡೆಯತೊಡಗಿದಾಗ ಅಸಿಟಿಕ್ ಆಮ್ಲ ಹೊರಬರುತ್ತದೆ, ಮುಚ್ಚಿದ ತಗಡಿನೊಳಗೆ ಆ ಆಮ್ಲವೇ ಮುಂದಿನ ಒಡೆತವನ್ನು ಚುರುಕುಗೊಳಿಸುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಇದಕ್ಕೆ ಹೆಚ್ಚು ಕಾಲ ಬೇಡ. ಆದುದರಿಂದ ಪ್ರತಿಯೊಂದು ತುಂಡನ್ನೂ ಬೇರೆ ಕಾಗದದ ಲಕೋಟೆಗೆ ಹಾಕಿ, ಸಂಖ್ಯೆ ಬರೆದು, ಗಾಳಿಯಾಡುವ ಮರದ ಪೆಟ್ಟಿಗೆಯಲ್ಲಿ ನಿಲ್ಲಿಸಿದೆ. ಅಂಚಿನಲ್ಲಿ ಸೇಫ್ಟಿ ಎಂಬ ಅಕ್ಷರ ಇದೆಯೇ ಎಂದೂ ನೋಡಿಕೊಂಡೆ, ಏಕೆಂದರೆ ಕೊಡಾಕ್ 1950ರ ದಶಕದ ಆರಂಭದವರೆಗೂ ತಯಾರಿಸುತ್ತಿದ್ದ ನೈಟ್ರೇಟ್ ಫಿಲ್ಮು ಬೆಂಕಿ ಹಿಡಿದರೆ ನೀರಿಗೂ ಆರದು, ಅದನ್ನು ಮನೆಯ ದೀಪದ ಮುಂದೆ ಹಿಡಿಯುವುದು ಸರಿಯಲ್ಲ. ನನ್ನಲ್ಲಿ ಅಂಥದ್ದು ಇರಲಿಲ್ಲ.

ಎರಡನೆಯ ಕೆಲಸದಲ್ಲಿ ತಪ್ಪು ಮಾಡಿದೆ. ಬೂಸುರು ಹಿಡಿದಿದ್ದ 17ನೇ ತುಂಡನ್ನು ಒದ್ದೆ ಬಟ್ಟೆಯಿಂದ ಒರಸಿದೆ. ಫಿಲ್ಮಿನ ಚಿತ್ರ ನಿಂತಿರುವುದು ಜಿಲಾಟಿನಿನ ಪದರದಲ್ಲಿ, ಬೂಸುರು ತಿಂದ ಜಿಲಾಟಿನು ನೀರು ತಾಗಿದರೆ ಗಂಜಿಯ ಕೆನೆಯಂತೆ ಎದ್ದು ಬರುತ್ತದೆ ಎಂಬುದನ್ನು ತಿಳಿದೂ ಮರೆತಿದ್ದೆ. ಬಟ್ಟೆಯ ಮೇಲೆ ಕೆಂಪು ಕಲೆಯಾಗಿ ಉಳಿದದ್ದು ಯಾವುದೋ ಕಾರಿನ ಅರ್ಧ. ಉಳಿದವನ್ನು ಮೆತ್ತನೆಯ ಕುಂಚದಿಂದ ಒಣಗಿದಂತೆಯೇ ಕೊಡವಿ, ಜಿಡ್ಡು ಇದ್ದಲ್ಲಿ ಮಾತ್ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯನ್ನು ಮಿರುಗುವ ಬದಿಗೆ ಹಗುರವಾಗಿ ಸವರಿದೆ.

ಇನ್ನು ಪೆಟ್ಟಿಗೆ. ಅಕ್ಕನ ಮಗನ ಹಳೆಯ ಕ್ಯಾಮೆರಾ ಮತ್ತು ಅದರ 50 ಮಿಲಿಮೀಟರ್ ಮಸೂರ ನನಗೆ ಸಿಕ್ಕಿದ್ದವು. ಫಿಲ್ಮಿನ ಫ್ರೇಮು ಸುಮಾರು 22 ಮಿಲಿಮೀಟರ್ ಅಗಲ, ಆ ಕ್ಯಾಮೆರಾದ ಸೆನ್ಸರೂ ಬಹುತೇಕ ಅಷ್ಟೇ ಅಗಲ. ಅಂದರೆ ವಸ್ತುವಿನಷ್ಟೇ ದೊಡ್ಡ ಬಿಂಬ ಬೇಕು. ಇದಕ್ಕೆ ಮಸೂರವನ್ನು ಅದರ ನಾಭಿದೂರದಷ್ಟೇ, ಎಂದರೆ ಇನ್ನೂ 50 ಮಿಲಿಮೀಟರ್ ಮುಂದಕ್ಕೆ ಸರಿಸಬೇಕು, ಆಗ ಫಿಲ್ಮಿನಿಂದ ಸೆನ್ಸರಿಗೆ ಇರುವ ಒಟ್ಟು ದೂರ ಸುಮಾರು 200 ಮಿಲಿಮೀಟರ್ ಆಗುತ್ತದೆ ಎಂಬುದು ಹತ್ತನೆಯ ತರಗತಿಯ ಲೆಕ್ಕ. ತೋಟದ ಪೈಪಿನ ಕೆಲಸದಲ್ಲಿ ಉಳಿದಿದ್ದ ಪಿವಿಸಿ ತುಂಡನ್ನು ಅಳತೆಗೆ ಕೊಯ್ದು, ಒಂದು ತುದಿಗೆ ಕ್ಯಾಮೆರಾದ ಮುಚ್ಚಳವನ್ನು ನಡುವೆ ಕೊರೆದು ಅಂಟಿಸಿ, ಇನ್ನೊಂದು ತುದಿಗೆ ಮಸೂರವನ್ನು ಕೂರಿಸಿದೆ. ಮೊದಲ ಚಿತ್ರಗಳು ಮಂಜು ಮುಸುಕಿದಂತೆ ಬಂದವು. ಪೈಪಿನ ನುಣುಪಾದ ಒಳಗೋಡೆ ಬೆಳಕನ್ನು ಸೆನ್ಸರಿನ ಮೇಲೆ ಚೆಲ್ಲುತ್ತಿತ್ತು; ಒಳಗೆ ಕಪ್ಪು ಮಖಮಲ್ ಬಟ್ಟೆ ಅಂಟಿಸಿದ ಮೇಲೆ ಕಪ್ಪು ಕಪ್ಪಾಯಿತು.

ಬೆಳಕಿಗೆಂದು ತಂದ ಎಲ್ಇಡಿ ಬಲ್ಬು ಇನ್ನೊಂದು ಕಾಟ ಕೊಟ್ಟಿತು. ಕಣ್ಣಿಗೆ ಕಾಣದ ಅದರ ಮಿಟುಕು ಚಿತ್ರದ ಮೇಲೆ ಅಡ್ಡಪಟ್ಟೆಗಳಾಗಿ ಮೂಡುತ್ತಿತ್ತು. ಕಾರಿನ ಗ್ರಿಲ್ಲಿನ ಅಡ್ಡಪಟ್ಟಿಗಳನ್ನು ಎಣಿಸಬೇಕಾದವನಿಗೆ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಎಲ್ಇಡಿ ಪಟ್ಟಿಯನ್ನು 12 ವೋಲ್ಟಿನ ಬ್ಯಾಟರಿಗೆ ನೇರವಾಗಿ ಜೋಡಿಸಿದಾಗ ಪಟ್ಟೆಗಳು ಮಾಯವಾದವು. ಪಟ್ಟಿಯ ಮೇಲೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ, ಅದರಿಂದ 40 ಮಿಲಿಮೀಟರ್ ಮೇಲೆ ಫಿಲ್ಮು. ಅಂತರ ಇದಕ್ಕಿಂತ ಕಡಿಮೆಯಾದರೆ ಬೆಳಕಿನ ಚುಕ್ಕಿಗಳೂ ಅಕ್ರಿಲಿಕ್‌ನ ಧೂಳೂ ಚಿತ್ರದಲ್ಲಿ ಸೇರಿಕೊಳ್ಳುತ್ತವೆ.

ಹೆಚ್ಚು ದಿನ ತೆಗೆದುಕೊಂಡದ್ದು ಫಿಲ್ಮು ಹಿಡಿಯುವ ಚೌಕಟ್ಟು. ಐವತ್ತು ವರ್ಷ ಡಬ್ಬಿಯಲ್ಲಿ ಸುರುಳಿಯಾಗಿದ್ದ ತುಂಡು ಎರಡು ಬದಿಗೂ ಸೊಟ್ಟಗಾಗಿರುತ್ತದೆ. ಎರಡು ಗಾಜುಗಳ ನಡುವೆ ಒತ್ತಿ ನೋಡಿದೆ. ನೀರಿನ ಮೇಲೆ ಎಣ್ಣೆ ಬಿದ್ದಾಗ ಕಾಣುವಂಥ ಬಣ್ಣದ ಬಳೆಗಳು, ನ್ಯೂಟನ್ನನ ಉಂಗುರಗಳು, ಚಿತ್ರದ ನಡುವೆಯೇ ಮೂಡಿದವು. ಗಾಜನ್ನು ಬಿಟ್ಟು, ಆಚಾರಿಯವರಿಂದ ಹಲಸಿನ ಹಲಗೆಯಲ್ಲಿ 35 ಮಿಲಿಮೀಟರಿಗಿಂತ ಒಂದು ಕೂದಲಷ್ಟು ಹೆಚ್ಚು ಅಗಲದ ಜಾಡು ಕೊರೆಸಿ, ಆ ಜಾಡು ನೇರವಾಗಿರದೆ ಉದ್ದಕ್ಕೆ ತುಸು ಕಮಾನಾಗಿರುವಂತೆ ಉಜ್ಜಿಸಿದೆ. ಉದ್ದಕ್ಕೆ ಬಾಗಿದ ಹಾಳೆ ಅಗಲಕ್ಕೆ ಬಾಗಲಾರದು. ಊಟಕ್ಕೆ ಹಾಕುವ ಅಡಿಕೆ ಹಾಳೆಯನ್ನು ಮಡಚಿ ನೋಡಿದವರಿಗೆ ಇದು ಗೊತ್ತು. ಫ್ರೇಮಿನ ಎತ್ತರ ತೂತುಗಳ ನಡುವಿನ ನಾಲ್ಕು ಅಂತರದಷ್ಟು, ಎಂದರೆ 19 ಮಿಲಿಮೀಟರ್, ಇರುವುದರಿಂದ ಕಮಾನಿನ ಬಾಗು ಅಷ್ಟರೊಳಗೆ ಫೋಕಸ್ಸಿಗೆ ತೊಂದರೆ ಕೊಡುವಷ್ಟಿಲ್ಲ. ಕಿಟಕಿಯನ್ನು ಚಿತ್ರದ ಅಳತೆಗೆ ಮಾತ್ರ ಕೊರೆಸದೆ, ತೂತುಗಳೂ ಶಬ್ದದ ಪಟ್ಟಿಯೂ ಅಂಚಿನ ಬರಹವೂ ಕಾಣುವಂತೆ ಪೂರ್ತಿ ಅಗಲಕ್ಕೆ ಕೊರೆಸಿದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು. ಕ್ಯಾಮೆರಾ ಫಿಲ್ಮಿಗೆ ನೇರವಾಗಿದೆಯೇ ಎಂದು ತಿಳಿಯಲು ಫಿಲ್ಮಿನ ಜಾಗದಲ್ಲಿ ಪುಟ್ಟ ಕನ್ನಡಿ ಇಟ್ಟು ನೋಡಬೇಕು. ಮಸೂರದ ಪ್ರತಿಬಿಂಬ ಚಿತ್ರದ ನಟ್ಟನಡುವೆ ಬಂದರೆ ಸರಿ. ಒಟ್ಟು ಖರ್ಚು 800 ರೂಪಾಯಿಯ ಒಳಗೆ ಮುಗಿಯಿತು, ಆಚಾರಿಯವರು ಹಲಗೆಗೆ ಹಣ ತೆಗೆದುಕೊಳ್ಳಲಿಲ್ಲ.

ಫಿಲ್ಮಿನ ಮಂದವಾದ, ಎಂದರೆ ಜಿಲಾಟಿನಿನ, ಬದಿಯನ್ನು ಕ್ಯಾಮೆರಾದ ಕಡೆಗೆ ಇಡಬೇಕು ಎಂಬುದನ್ನು ಕಲಿಸಿದ್ದು ಒಂದು ನಂಬರ್ ಪ್ಲೇಟು. ತಿರುವಿ ಇಟ್ಟರೆ ಬಲಗೈ ಸ್ಟಿಯರಿಂಗಿನ ಕಾರು ಎಡಗೈಯದಾಗುತ್ತದೆ, ಆಗ ವಿದೇಶದಿಂದ ತಂದ ಕಾರು ಎಂದು ಸುಮ್ಮನೆ ಸಂಭ್ರಮ ಪಡಬೇಕಾಗುತ್ತದೆ. ನಾನು ಒಂದು ಸಂಜೆ ಪೂರ್ತಿ ಪಟ್ಟೆ. ಪ್ಲೇಟಿನ ಅಕ್ಷರಗಳಿಂದಲೂ ಸ್ವಲ್ಪ ತಿಳಿಯುತ್ತದೆ. ಆ ಕಾಲದ ಖಾಸಗಿ ಕಾರುಗಳಲ್ಲಿ ಕಪ್ಪು ಪ್ಲೇಟಿನ ಮೇಲೆ ಬಿಳಿ ಅಕ್ಷರ, ಎಂ.ವೈ. ಎಂದರೆ ಮೈಸೂರು, ಕೆ.ಎಲ್. ಎಂದರೆ ಕೇರಳ, ಎಂ.ಎಸ್. ಎಂದರೆ ಮದ್ರಾಸು. ನಮ್ಮ ಟಾಕೀಸಿಗೆ ಕನ್ನಡ, ಮಲಯಾಳ, ತಮಿಳು, ಹಿಂದಿ ಎಲ್ಲವೂ ಬರುತ್ತಿದ್ದುದರಿಂದ ಪ್ಲೇಟು ನೋಡಿ ಸಿನಿಮಾದ ಭಾಷೆ ಹೇಳಬಹುದು ಎಂದುಕೊಂಡಿದ್ದೆ. ಆಗದು. ಕನ್ನಡ ಚಿತ್ರಗಳೂ ಬಹುಕಾಲ ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು, ಕಾರುಗಳೂ ಅಲ್ಲಿಯವೇ.

ಗುರುತು ಹಿಡಿಯುವ ಕೆಲಸದ ಮೊದಲ ದಿನವೇ 23ನೇ ತುಂಡು ನನ್ನನ್ನು ಮೋಸಗೊಳಿಸಿತು. ಅದರಲ್ಲಿ ಎತ್ತರವಾದ, ಅಗಲವಿಲ್ಲದ, ಗುಬ್ಬಚ್ಚಿಯಂಥ ಕಾರು. ಮಾರಿಸ್ ಮೈನರನ್ನು ಹಿಂದೂಸ್ತಾನ್ ಮೋಟರ್ಸಿನವರು ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ಮಾರಿದ್ದರು. ಅದೇ ಇರಬೇಕೆಂದು ಪಟ್ಟಿ ಪುಸ್ತಕದಲ್ಲಿ ಶಾಯಿಯಲ್ಲೇ ಬರೆದೆ. ರಾತ್ರಿ ಮಲಗಿದಾಗ ಚಕ್ರಗಳು ನೆನಪಾದವು. ಅವು ಕೋಳಿಮೊಟ್ಟೆಯಂತೆ ಎದ್ದು ನಿಂತಿದ್ದವು. ಸಿನಿಮಾಸ್ಕೋಪ್ ಪ್ರಿಂಟಿನಲ್ಲಿ ಚಿತ್ರವನ್ನು ಅಗಲಕ್ಕೆ ಅರ್ಧದಷ್ಟು ಹಿಂಡಿ ಅಚ್ಚು ಹಾಕಿರುತ್ತಾರೆ, ಪ್ರೊಜೆಕ್ಟರಿನ ಮುಂದಿನ ಮಸೂರ ಅದನ್ನು ತೆರೆಯ ಮೇಲೆ ಮತ್ತೆ ಹಿಗ್ಗಿಸುತ್ತದೆ. ಬೆಳಗ್ಗೆ ಕಂಪ್ಯೂಟರಿನಲ್ಲಿ ಅಗಲವನ್ನು ಎರಡು ಪಟ್ಟು ಎಳೆದಾಗ ಚಕ್ರ ದುಂಡಗಾಯಿತು, ಗುಬ್ಬಚ್ಚಿ ಅಂಬಾಸಿಡರ್ ಆಯಿತು. ಅಂದಿನಿಂದ ಕಾರಿನ ಬೇರಾವ ಭಾಗವನ್ನು ನೋಡುವುದಕ್ಕೂ ಮೊದಲು ಚಕ್ರ ದುಂಡಗಿದೆಯೇ ಎಂದು ನೋಡುತ್ತೇನೆ. ಕಾರು ಪೂರ್ತಿ ಪಕ್ಕಕ್ಕೆ ತಿರುಗಿ ನಿಂತಿದ್ದರೆ ಮಾತ್ರ ಈ ಪರೀಕ್ಷೆ ನಡೆಯುತ್ತದೆ ಎಂಬುದೂ ನೆನಪಿರಬೇಕು.

ಬಣ್ಣವನ್ನು ನಂಬುವುದನ್ನು ಅದಾಗಲೇ ಬಿಟ್ಟಿದ್ದೆ. ಆ ಕಾಲದ ಈಸ್ಟ್‌ಮನ್‌ಕಲರ್ ಪ್ರಿಂಟುಗಳಲ್ಲಿ ಹಸಿರುನೀಲಿಯ ಬಣ್ಣದ್ರವ್ಯ ಮೊದಲು ಮಾಸಿ ಎಲ್ಲವೂ ಕುಂಕುಮದ ನೀರಿನಲ್ಲಿ ಅದ್ದಿದಂತಾಗುತ್ತದೆ. ನನ್ನ ಪುಸ್ತಕದಲ್ಲಿ ಕಾರಿನ ಬಣ್ಣಕ್ಕೆ ಗೆರೆಯೇ ಇಲ್ಲ.

ಅಳತೆಯ ಮೇಲೆ ನನಗೆ ಮೇಷ್ಟ್ರಾಗಿ ಸಹಜವಾದ ನಂಬಿಕೆ ಇತ್ತು. ಅಂಬಾಸಿಡರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2464 ಮಿಲಿಮೀಟರ್, ಫಿಯಟ್ 1100ರದ್ದು 2340. ಅದನ್ನು ಚಕ್ರದ ವ್ಯಾಸದಿಂದ ಭಾಗಿಸಿದರೆ ಕ್ಯಾಮೆರಾ ಎಷ್ಟು ದೂರವಿದ್ದರೂ ಬದಲಾಗದ ಒಂದು ಸಂಖ್ಯೆ ಸಿಗಬೇಕಲ್ಲ. ಆದರೆ ಅಂಬಾಸಿಡರಿಗೆ 15 ಇಂಚಿನ ರಿಮ್ಮು, ಫಿಯಟ್ಟಿಗೆ 14 ಇಂಚಿನದು. ಟಯರು ಸಮೇತ ಲೆಕ್ಕ ಹಾಕಿದರೆ ಒಂದು ಸುಮಾರು 3.7, ಇನ್ನೊಂದು ಸುಮಾರು 3.8. ಮಸುಕಾದ ಫ್ರೇಮಿನಲ್ಲಿ ನನ್ನ ಅಳತೆಯ ತಪ್ಪೇ ಇದಕ್ಕಿಂತ ದೊಡ್ಡದು. ಮೂರು ದಿನದ ಕೋಷ್ಟಕವನ್ನು ಹರಿದು ಹಾಕಿದೆ. ಅದೇ ಅಳತೆ ಬೇರೆಡೆ ಕೈಹಿಡಿಯಿತು: ಅಂಬಾಸಿಡರ್ ಎಂದು ಖಚಿತವಾದ ಕಾರಿನ ಮುಂದಿನ ಚಕ್ರ ಒಂದು ಮೈಲಿಗಲ್ಲನ್ನು ದಾಟಿದ ಆರು ಫ್ರೇಮಿನ ನಂತರ ಹಿಂದಿನ ಚಕ್ರ ದಾಟಿತು, ಎಂದರೆ ಕಾಲು ಸೆಕೆಂಡಿನಲ್ಲಿ 2.464 ಮೀಟರ್; ಪೊಲೀಸರು ಕಳ್ಳನನ್ನು ಬೆನ್ನಟ್ಟಿದ ಆ ವೇಗ ಗಂಟೆಗೆ 35 ಕಿಲೋಮೀಟರ್.

ಮಸುಕಿಗೂ ಒಂದು ದಿಕ್ಕಿದೆ. ಸಿನಿಮಾ ಕ್ಯಾಮೆರಾದ ಷಟರು ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗ ತೆರೆದಿರುತ್ತದೆ, ಅಷ್ಟರಲ್ಲಿ ಆ ವೇಗದ ಕಾರು ಒಂದು ಗೇಣು ಮುಂದೆ ಹೋಗಿರುತ್ತದೆ. ಆದುದರಿಂದ ಬಾಗಿಲಿನ ಸಂದು, ಕಿಟಕಿಯ ಕಂಬ ಮುಂತಾದ ನೆಟ್ಟಗಿನ ಗೆರೆಗಳು ಕದಡಿಹೋಗುತ್ತವೆ. ಟಾಪಿನ ಅಂಚು, ಕಿಟಕಿಯ ಕೆಳಗಿನ ಕ್ರೋಮ್ ಪಟ್ಟಿ ಮುಂತಾದ ಅಡ್ಡಗೆರೆಗಳು ಹರಿತವಾಗಿಯೇ ಉಳಿಯುತ್ತವೆ. ಕ್ಯಾಮೆರಾ ಕಾರಿನ ಜೊತೆಗೇ ತಿರುಗಿದ ತುಂಡುಗಳಲ್ಲಿ ಮಾತ್ರ ಕಾರು ಸ್ಪಷ್ಟ, ಹಿಂದಿನ ಮರಗಳು ಕದಡು. ಅವನ್ನು ಮೊದಲು ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ನನ್ನ ಪಟ್ಟಿಯ ಸುಮಾರು ಮೂರನೇ ಒಂದು ಭಾಗ ತಪ್ಪೇ ಇತ್ತು ಎಂದು ತಿಳಿದದ್ದು 41ನೇ ತುಂಡಿನಿಂದ. ಹನ್ನೊಂದು ಫ್ರೇಮು, ಕ್ಯಾಮೆರಾದ ತೀರ ಹತ್ತಿರದಿಂದ ಕಾರು ಹಾದುಹೋಗುತ್ತದೆ, ಮೊದಲಿನಲ್ಲಿ ಮೂತಿ, ಕೊನೆಯಲ್ಲಿ ಬೆನ್ನು. ಒತ್ತಾದ ಚೌಕುಳಿ ಗ್ರಿಲ್ಲನ್ನು ನೋಡಿ ಅಂಬಾಸಿಡರ್ ಮಾರ್ಕ್ 2 ಎಂದು ಬರೆದಿದ್ದೆ, ಏಕೆಂದರೆ ಆ ಗ್ರಿಲ್ಲು ಬಂದದ್ದು 1963ರ ಸುಮಾರಿಗೆ. ಅಚ್ಚು ಹಾಕಿಸಿದ ಚಿತ್ರಗಳನ್ನು ಹಿಡಿದುಕೊಂಡು ಪೇಟೆಯ ಹಳೆಯ ಗ್ಯಾರೇಜಿಗೆ ಹೋದೆ. ಈಗ ಕೆಲಸ ಬಿಟ್ಟು ಮಗನ ಅಂಗಡಿಯ ಬೆಂಚಿನ ಮೇಲೆ ಕೂರುವ ಮೇಸ್ತ್ರಿಗಳು ಕನ್ನಡಕ ಹಾಕಿಕೊಂಡು ಮೊದಲ ಚಿತ್ರವನ್ನು ನೋಡಲೇ ಇಲ್ಲ, ಕೊನೆಯದನ್ನು ತೆಗೆದುಕೊಂಡರು.

"ಇದು ಲ್ಯಾಂಡ್‌ಮಾಸ್ಟರ್ ಅಲ್ವಾ ಮಾಷ್ಟ್ರೇ."

"ಗ್ರಿಲ್ಲು ಅಂಬಾಸಿಡರಿನದ್ದು ಇದೆಯಲ್ಲ ಮೇಸ್ತ್ರಿಗಳೇ?"

"ಮೋರೆ ನೋಡ್ಬೇಡಿ. ಮೋರೆ ಎಷ್ಟು ಗಾಡಿಯದ್ದು ನಾವೇ ಬದಲಿಸಿಲ್ಲ! ಎಲ್ಲಿಯಾದರೂ ಗುದ್ದಿದರೆ ಹಳತರ ಸಾಮಾನು ಎಲ್ಲಿ ಸಿಕ್ಕುತ್ತದೆ? ಬಾನೆಟು ಸಮೇತ ಹೊಸತರದ್ದು ಕೂರಿಸುವುದು. ಹಿಂದಿನ ಮಡ್‌ಗಾರ್ಡು ನೋಡಿ, ಬಾಗಿಲು ನೋಡಿ. ಅದನ್ನು ಯಾರೂ ಬದಲಿಸುವುದಿಲ್ಲ."

ಅವರು ಬೆರಳಿಟ್ಟ ಜಾಗವನ್ನು ಮನೆಗೆ ಬಂದು ಮತ್ತೆ ನೋಡಿದೆ. 1954ರ ಲ್ಯಾಂಡ್‌ಮಾಸ್ಟರು ಮಾರಿಸ್ ಆಕ್ಸ್‌ಫರ್ಡಿನ ಎರಡನೆಯ ಸರಣಿಯ ಕಾರು, 1950ರ ದಶಕದ ಕೊನೆಗೆ ಬಂದ ಅಂಬಾಸಿಡರು ಮೂರನೆಯ ಸರಣಿಯದು. ಮೈಕಟ್ಟು ಬಹುತೇಕ ಒಂದೇ. ಅಂಬಾಸಿಡರಿಗೆ ಸೇರಿದ್ದು ಕುಳಿಗೆರೆಯ ಬಾನೆಟು ಮತ್ತು ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಸಣ್ಣದಾಗಿ ಎದ್ದ ರೆಕ್ಕೆ. 41ನೇ ತುಂಡಿನ ಒಂಬತ್ತರಿಂದ ಹನ್ನೊಂದನೆಯ ಫ್ರೇಮಿನವರೆಗೆ ಆ ರೆಕ್ಕೆ ಇಲ್ಲ, ಮಡ್‌ಗಾರ್ಡು ಮಡಕೆಯ ಹೆಗಲಿನಂತೆ ಜಾರಿ ಇಳಿಯುತ್ತದೆ. ಆ ಮೂರು ಫ್ರೇಮುಗಳ ಒಟ್ಟು ಅವಧಿ ಸೆಕೆಂಡಿನ ಎಂಟನೇ ಒಂದು ಭಾಗ. ಕಾರು ಹಳೆಯದು, ಮೋರೆ 1963ರ ನಂತರದ್ದು, ಆದುದರಿಂದ ಚಿತ್ರೀಕರಣವೂ ಅದರ ನಂತರದ್ದೇ. ಇದಕ್ಕೆ ಫಿಲ್ಮಿನ ಅಂಚೂ ಸಾಕ್ಷಿ ಹೇಳಿತು. ಕೊಡಾಕ್ ತನ್ನ ಫಿಲ್ಮಿನ ಅಂಚಿನಲ್ಲಿ ತಯಾರಿಕೆಯ ವರ್ಷವನ್ನು ಚೌಕ, ವೃತ್ತ, ತ್ರಿಕೋನದಂಥ ಗುರುತುಗಳಲ್ಲಿ ಹಾಕುತ್ತಿತ್ತು, ಆ ಗುರುತುಗಳು 20 ವರ್ಷಕ್ಕೊಮ್ಮೆ ಮರುಕಳಿಸುತ್ತವೆ. ಹೀಗಾಗಿ ಸಿಕ್ಕ ಎರಡು ವರ್ಷಗಳಲ್ಲಿ ಒಂದು 1950ರ ದಶಕದ್ದು, ಇನ್ನೊಂದು 1970ರ ದಶಕದ್ದು. ಗ್ರಿಲ್ಲಿನ ಬಲದಿಂದ ಮೊದಲನೆಯದನ್ನು ಬಿಟ್ಟುಬಿಡಬಹುದು. ನೆಗೆಟಿವಿನ, ಎಂದರೆ ಕ್ಯಾಮೆರಾದೊಳಗಿನ ಮೂಲ ಫಿಲ್ಮಿನ, ಅಂಚಿನ ಗುರುತು ಪ್ರಿಂಟಿಗೂ ಇಳಿದಿರಬಹುದಾದ್ದರಿಂದ ಎರಡನ್ನೂ ಬೇರ್ಪಡಿಸಿ ಓದಬೇಕು.

ಮೇಸ್ತ್ರಿಗಳ ಮಾತಿನಂತೆ, ಹಾಳಾದ 17ನೆಯದನ್ನು ಬಿಟ್ಟು ಉಳಿದ ಎಲ್ಲ 26 ತುಂಡುಗಳನ್ನೂ ಮತ್ತೆ ಪೆಟ್ಟಿಗೆಯ ಮೇಲಿಟ್ಟೆ, ಈ ಸಲ ಮೂತಿ ಕಾಣುವ ಭಾಗವನ್ನು ಕಾಗದದಿಂದ ಮುಚ್ಚಿ. ಬಾಗಿಲು ಎಷ್ಟು ಮಾತಾಡುತ್ತದೆ ಎಂಬುದಕ್ಕೆ 88ನೇ ತುಂಡಿನ ಫಿಯಟ್ ಸಾಕು. ಮುಂಬಯಿಯಲ್ಲಿ ಡುಕ್ಕರ್, ಎಂದರೆ ಹಂದಿ, ಎಂದು ಕರೆಯಿಸಿಕೊಂಡ ಮೊದಲಿನ ಫಿಯಟ್ 1100ರಲ್ಲಿ ಮುಂದಿನ ಬಾಗಿಲಿನ ವಿಜಾಗರಿ ಇರುವುದು ನಡುಗಂಬದಲ್ಲಿ. ಮುಂದಿನದೂ ಹಿಂದಿನದೂ ಅದೇ ಕಂಬಕ್ಕೆ ಬೆನ್ನು ಕೊಟ್ಟು ಬೀರುವಿನ ಎರಡು ಕದಗಳ ತಿರುವುಮುರುವಿನಂತೆ ತೆರೆಯುತ್ತವೆ. 1964ರಲ್ಲಿ ಇಲ್ಲಿ ಬಂದ 1100 ಡಿ, ಮುಂದೆ 1974ರಿಂದ ಪದ್ಮಿನಿ ಎಂಬ ಹೆಸರು ಹೊತ್ತದ್ದೂ ಅದೇ ಮೈಕಟ್ಟಿನದು, ಇವುಗಳಲ್ಲಿ ಮುಂದಿನ ಬಾಗಿಲು ಎಲ್ಲ ಕಾರುಗಳಂತೆ ಮುಂದಿನ ಕಂಬಕ್ಕೆ ತೂಗುತ್ತದೆ. ಬಾಗಿಲು ತೆರೆಯದಿದ್ದರೂ ತೊಂದರೆಯಿಲ್ಲ. ವಿಜಾಗರಿ ಹಿಂದೆ ಇದ್ದ ಮೇಲೆ ಹಿಡಿ ಮುಂದೆಯೇ ಇರಬೇಕು. 88ರಲ್ಲಿ ಕಾರಿನ ಮೈಯೆಲ್ಲ ಕದಡಿದ್ದರೂ ಎರಡು ಹಿಡಿಗಳ ಕ್ರೋಮ್ ಹೊಳಪು ಎರಡು ಗೀಟುಗಳಾಗಿ ಉಳಿದಿತ್ತು, ಒಂದು ಮುಂದಿನ ಗಾಜಿನ ಬುಡದ ಹತ್ತಿರ, ಇನ್ನೊಂದು ಹಿಂದಿನ ಚಕ್ರದ ಹತ್ತಿರ. ನಾನು ಮೊದಲು ಅದನ್ನು ಪದ್ಮಿನಿ ಎಂದು ಬರೆದಿದ್ದೆ.

ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ತಯಾರಿಸಿದ ಹೆರಾಲ್ಡ್ ಮೂರು ತುಂಡುಗಳಲ್ಲಿದೆ, ಸುಲಭವಾಗಿ ಸಿಕ್ಕಿತು. ಅದರಲ್ಲಿ ಬಾನೆಟ್ಟೂ ಎರಡು ಮಡ್‌ಗಾರ್ಡುಗಳೂ ಒಂದೇ ತಗಡಾಗಿ ಮುಂದಕ್ಕೆ ಮಗುಚುವುದರಿಂದ, ಬಾನೆಟ್ಟಿನ ಸಂದು ಮೇಲ್ಭಾಗದಲ್ಲಿ ಇರದೆ ಬಾಗಿಲಿಗಿಂತ ಸ್ವಲ್ಪ ಮುಂದೆ ಪಕ್ಕದಲ್ಲಿ ಇಳಿಯುತ್ತದೆ. ಖಳನಾಯಕನದ್ದಿರಬೇಕಾದ ಒಂದು ಉದ್ದನೆಯ ಅಮೆರಿಕನ್ ಕಾರು ರಾತ್ರಿಯ ದೃಶ್ಯದಲ್ಲಿ ಬೆನ್ನು ಮಾತ್ರ ತೋರಿಸಿತು. ಪ್ರಿಂಟು ಪೂರ್ತಿ ಕೆಂಪಾಗಿದ್ದರೂ ಬದಿಗೆ ಮೂರರಂತೆ ಆರು ದುಂಡು ದೀಪಗಳನ್ನು ಎಣಿಸಬಹುದಿತ್ತು: ಷೆವರ್ಲೆ ಇಂಪಾಲಾ, 1960 ಅಥವಾ ಅದಕ್ಕೆ ಹತ್ತಿರದ ವರ್ಷಗಳದ್ದು, 1959ರದ್ದಂತೂ ಅಲ್ಲ. ಆ ವರ್ಷದ್ದರಲ್ಲಿ ಬೆಕ್ಕಿನ ಕಣ್ಣಿನಂಥ ಒಂದೊಂದೇ ದೀಪ.

ಈಗ 26ರಲ್ಲಿ 25 ತುಂಡುಗಳಿಗೆ ಹೆಸರು ಬಿದ್ದಿದೆ. ಶಾಯಿಯಲ್ಲಿ ಬರೆದದ್ದನ್ನು ಹೊಡೆದುಹಾಕಿ ಬರೆದವು ಒಂಬತ್ತು. ಉಳಿದದ್ದು 112ನೇ ತುಂಡು. ಕಾರಿನ ಒಳಗಿನ ದೃಶ್ಯ, ನಾಲ್ಕೇ ಫ್ರೇಮು: ಸ್ಟಿಯರಿಂಗಿನ ಮೇಲಿನ ಕಾಲುಭಾಗ, ಬಳೆ ತೊಟ್ಟ ಒಂದು ಕೈ, ಸ್ಟಿಯರಿಂಗಿನ ಕೆಳಗಿನಿಂದ ಬಂದ ಗೇರಿನ ಕೋಲು. ಗೇರು ಸ್ಟಿಯರಿಂಗಿನ ಬುಡದಲ್ಲಿ ಇದ್ದದ್ದು ಅಂಬಾಸಿಡರಿಗೂ ಫಿಯಟ್ಟಿಗೂ ಸಮಾನ. ಹೆರಾಲ್ಡಿಗೆ ನೆಲದ ಮೇಲೆ. ಇದನ್ನೂ ಮೇಸ್ತ್ರಿಗಳಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಬಳೆ ಒಳ್ಳೆಯದಿದೆ ಎಂದರು. ಪುಸ್ತಕದಲ್ಲಿ 112ರ ಎದುರು ಸದ್ಯಕ್ಕೆ "ಹೆರಾಲ್ಡ್ ಅಲ್ಲ" ಎಂದಷ್ಟೇ ಬರೆದಿದ್ದೇನೆ, ಪೆನ್ಸಿಲಿನಲ್ಲಿ.